ಪಿಪಿಟಿ ಲೆಕ್ಕದಲ್ಲಿ ಲೋಹ ಅಳೆಯುವ ಮಂಗಳೂರಿನ ಲ್ಯಾಬ್: ಅಂಟಾರ್ಕ್ಟಿಕಾದ ಹಿಮ ಕೊಟ್ಟು ನೋಡಿದೆವು

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರೂವರೆ. ಮೆಷಿನ್‌ಗೆ ಪೂರ್ತಿ ಮಾರ್ಕು. ಸ್ಯಾಂಪಲ್ ತೆಗೆದುಕೊಳ್ಳುವ ಕೌಂಟರ್‌ಗೆ ಸೊನ್ನೆ. ಒಳಗೆ ಮೆಷಿನ್ ನಡೆಸುವ ಹುಡುಗಿಗೆ ಐದಕ್ಕೆ ಆರು ಕೊಟ್ಟರೂ ತಪ್ಪಿಲ್ಲ. ಲ್ಯಾಬಿನ ಹೆಸರು ಹಾಕುತ್ತಿಲ್ಲ. ನಾವು ಕಂಡ ತೊಂದರೆ ಇವರೊಬ್ಬರದ್ದೇ ಅಲ್ಲ, ನೀರು ಟೆಸ್ಟ್ ಮಾಡುವ ಯಾವ ಲ್ಯಾಬಿಗೆ ಹೋದರೂ ಹೆಚ್ಚುಕಡಿಮೆ ಇದೇ ಕಥೆ. ಅಲ್ಲಿ ಏನು ಕೇಳಬೇಕು ಅನ್ನುವುದು ನಿಮಗೆ ಗೊತ್ತಾದರೆ ಸಾಕು.

ನಾನು ಇಲ್ಲೇ ಒಂದು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವಳು. ಅದಕ್ಕೆ ಮೊದಲು ಗೋವಾದಲ್ಲಿದ್ದೆ, ಧ್ರುವ ಪ್ರದೇಶದ ಹಿಮದಲ್ಲಿ ಲೋಹ ಅಳೆಯುವ ಕೆಲಸ. ಅಂಟಾರ್ಕ್ಟಿಕಾಕ್ಕೇನೂ ಹೋಗಿಲ್ಲ, ಅಲ್ಲಿಂದ ಬಂದ ಬಾಟಲಿಗಳ ಮುಂದೆ ಕೂತು ಕೂತು ಬೆನ್ನು ನೋವು ಬರಿಸಿಕೊಂಡದ್ದು ಅಷ್ಟೇ. ಈ ಸಲ ಫೈನಲ್ ಇಯರ್ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಕೊಟ್ಟೆ. ಮಂಗಳೂರಿನ ಮಳೆಯಲ್ಲಿ, ಗಾಳಿಯಲ್ಲಿ ಸೀಸ, ಸತು, ಕ್ಯಾಡ್ಮಿಯಂ, ವನೇಡಿಯಂ ಎಷ್ಟಿದೆ, ಜಗತ್ತಿನಲ್ಲೇ ಅತಿ ಸ್ವಚ್ಛ ಅನ್ನುವ ಜಾಗದ ಹಿಮಕ್ಕಿಂತ ಅದು ಎಷ್ಟು ಪಟ್ಟು ಜಾಸ್ತಿ, ಇದು ಪ್ರಶ್ನೆ. ಗೋವಾದ ಹಳೆಯ ಗೆಳತಿಯ ಹತ್ತಿರ, ಅಂಟಾರ್ಕ್ಟಿಕಾದಲ್ಲಿರುವ ನಮ್ಮ ದೇಶದ ಭಾರತಿ ಸಂಶೋಧನಾ ನಿಲ್ದಾಣದ ಕಡೆಯ ಹಿಮ ಕರಗಿಸಿದ ನೀರು ಸ್ವಲ್ಪ ಉಳಿದಿತ್ತು. ಅವಳ ಕೆಲಸ ಮುಗಿದಿತ್ತು, ಕೊಟ್ಟಳು. ಅದರಲ್ಲಿ ಯಾವ ಲೋಹ ಎಷ್ಟಿದೆ ಅನ್ನುವುದು ಅವಳಿಗೆ ಆಗಲೇ ಗೊತ್ತಿತ್ತು. ಇದು ನಮಗೆ ಒಳ್ಳೆಯದೇ ಆಯಿತು.

ನಮ್ಮ ಕಾಲೇಜಿನಲ್ಲಿ ಲೋಹ ಅಳೆಯಲು ಇರುವ ಹಳೇ ಎಎಎಸ್ ಮೆಷಿನ್ ಇಷ್ಟು ಕಡಿಮೆ ಪ್ರಮಾಣಕ್ಕೆ ಇಳಿಯುವುದಿಲ್ಲ. ಹಾಗಾಗಿ ದುಡ್ಡು ಕೊಟ್ಟು ಹೊರಗೆ ಮಾಡಿಸಬೇಕಾಯಿತು. ಹೆದ್ದಾರಿ ಪಕ್ಕದ ಈ ಲ್ಯಾಬಿನ ಬೋರ್ಡಿನಲ್ಲಿ 'ಐಸಿಪಿ-ಎಂಎಸ್, ಪಿಪಿಟಿ ಲೆವೆಲ್' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಐಸಿಪಿ-ಎಂಎಸ್ ಅಂದರೆ ಸ್ಯಾಂಪಲನ್ನು ಕುದಿಬಿಸಿಯ ಆರ್ಗಾನ್ ಪ್ಲಾಸ್ಮಾಕ್ಕೆ ಕೊಟ್ಟು ಲೋಹಗಳನ್ನು ಅಳೆಯುವ ಮೆಷಿನ್. ಪಿಪಿಟಿ ಅಂದರೆ ಲಕ್ಷ ಕೋಟಿಯಲ್ಲಿ ಒಂದು ಪಾಲು, ನೀರಿನಲ್ಲಾದರೆ ಲೀಟರಿಗೆ ಒಂದು ನ್ಯಾನೋಗ್ರಾಂ.

ಕೌಂಟರ್‌ನಲ್ಲಿ ವಿಚಾರಿಸಿದಾಗ ಕೈಗೆ ಬಂದದ್ದು ಕುಡಿಯುವ ನೀರಿನ ಪ್ಯಾಕೇಜಿನ ರೇಟ್ ಕಾರ್ಡ್. "ಬಾವಿ ನೀರಾ ಮೇಡಂ, ಬೋರಾ?" ಎಂದರು. ಹಿಮ ಎಂದೆ. ಅಂಟಾರ್ಕ್ಟಿಕಾದ್ದು ಎಂದೆ. ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ. 'ಇತರೆ' ಎದುರು ಟಿಕ್ ಹಾಕಿ 'ಐಸ್' ಎಂದು ಬರೆದುಕೊಂಡರು. ಮೀನಿಗೆ ಐಸ್ ಮಾಡುವ ಪ್ಲಾಂಟ್‌ನವರೂ ಇಲ್ಲಿಗೇ ಬರುತ್ತಾರಂತೆ, ಅವರಿಗೆ ಇದೇನು ಹೊಸದಲ್ಲ.

ಬಾವಿ ಇರುವವರಿಗೆ ಈ ಪ್ಯಾಕೇಜ್ ಧಾರಾಳ ಸಾಕು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಐಎಸ್ 10500 ಎಂಬ ಭಾರತೀಯ ಮಾನದಂಡದ ಪ್ರಕಾರ ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ನ್ಯಾನೋಗ್ರಾಂನಲ್ಲಿ ಹೇಳಿದರೆ 10,000. ಅಂಟಾರ್ಕ್ಟಿಕಾದ ಹಿಮದಲ್ಲಿ ಇರುವುದು ಲೀಟರಿಗೆ ಕೆಲವೇ ನ್ಯಾನೋಗ್ರಾಂ. ಪ್ಯಾಕೇಜ್ ಟೆಸ್ಟಿಗೆ ಈ ನೀರು ಕೊಟ್ಟರೆ ಎಲ್ಲ ಲೋಹದ ಎದುರಿಗೂ 'ಬಿಡಿಎಲ್' ಎಂದು ಬರುತ್ತದೆ, ಅಂದರೆ ನಮ್ಮ ಅಳತೆಗೆ ಸಿಗುವಷ್ಟು ಇಲ್ಲ ಅಂತ. ಮನೆಯವರಿಗೆ ಅದು ಖುಷಿಯ ಸುದ್ದಿ. ನಮಗೆ ಅದು ಉತ್ತರವೇ ಅಲ್ಲ.

ಪಿಪಿಟಿ ಅಂದರೆ ಎಷ್ಟು ಸಣ್ಣದು ಅಂತ ಮಕ್ಕಳಿಗೆ ಹೇಳಿದ್ದು ಹೀಗೆ. ಬೇಸಿಗೆಯಲ್ಲಿ ನಮ್ಮ ಗಲ್ಲಿಗಳಿಗೆ ಬರುವ ಹತ್ತು ಸಾವಿರ ಲೀಟರಿನ ನೀರಿನ ಟ್ಯಾಂಕರ್ ಒಂದು ಲಕ್ಷ ಸಾಲಾಗಿ ನಿಲ್ಲಿಸಿ, ಅಷ್ಟಕ್ಕೂ ಸೇರಿ ಒಂದು ಗ್ರಾಂ ಸೀಸ ಹಾಕಿ ಕಲಸಿ. ಅದು ಒಂದು ಪಿಪಿಟಿ. ಇಷ್ಟು ಕಡಿಮೆ ಇರುವಲ್ಲಿ ಅಳೆಯುವ ಮೆಷಿನ್ ದೊಡ್ಡ ಸಮಸ್ಯೆ ಅಲ್ಲ, ಈಗ ದುಡ್ಡಿದ್ದರೆ ಮೆಷಿನ್ ಸಿಗುತ್ತದೆ. ಬಾಟಲಿ, ಕೈಗವಸು, ಆಸಿಡ್, ಕೋಣೆಯ ಗಾಳಿ, ಮುಚ್ಚಳ ತೆಗೆದವರ ಉಸಿರು, ಇವುಗಳಿಂದ ಸ್ಯಾಂಪಲ್‌ಗೆ ಸೇರುವ ಲೋಹ ಸ್ಯಾಂಪಲ್‌ನಲ್ಲಿ ಇರುವುದಕ್ಕಿಂತ ಜಾಸ್ತಿ. ಅದಕ್ಕೇ ಬ್ಲ್ಯಾಂಕ್ ಬೇಕು. ಏನೂ ಇಲ್ಲದ ಶುದ್ಧ ನೀರನ್ನು ಸ್ಯಾಂಪಲ್‌ನಂತೆಯೇ ಬಾಟಲಿಗೆ ಹಾಕಿ, ಅದೇ ಆಸಿಡ್ ಹಾಕಿ, ಅದೇ ಕೈಯಲ್ಲಿ ಮುಟ್ಟಿ, ಅದೇ ಮೆಷಿನ್‌ಗೆ ಕೊಡಬೇಕು. ಅದರಲ್ಲಿ ಬಂದದ್ದೆಲ್ಲ ನಮ್ಮದೇ ಕೊಳೆ. ನಾನು ಲ್ಯಾಬ್‌ಗಳಿಗೆ ಮಾರ್ಕು ಹಾಕುವುದು ಬ್ಲ್ಯಾಂಕ್ ನೋಡಿ, ಬೋರ್ಡ್ ನೋಡಿ ಅಲ್ಲ.

ಈ ಹಠ ನನ್ನದಲ್ಲ. ಕ್ಲೇರ್ ಪ್ಯಾಟರ್ಸನ್ ಅಂತ ಅಮೆರಿಕದ ವಿಜ್ಞಾನಿ, ಉಲ್ಕಾಶಿಲೆಯ ಸೀಸ ಅಳೆದು ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು 1956ರಲ್ಲಿ ಹೇಳಿದವರು. ಆ ಕೆಲಸದಲ್ಲಿ ಅವರಿಗೆ ಕಾಟ ಕೊಟ್ಟದ್ದು ಲ್ಯಾಬಿನೊಳಗೆ ಎಲ್ಲ ಕಡೆಯಿಂದ ಬಂದು ಸೇರುತ್ತಿದ್ದ ಸೀಸ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಅದಕ್ಕಾಗಿಯೇ ಕ್ಲೀನ್ ಲ್ಯಾಬ್ ಕಟ್ಟಿದರು. ಆಮೇಲೆ ಇಷ್ಟೊಂದು ಸೀಸ ಬರುವುದು ಎಲ್ಲಿಂದ ಅಂತ ಹುಡುಕುತ್ತಾ ಹೋಗಿ ಧ್ರುವದ ಹಿಮಕ್ಕೆ ಕೈ ಹಾಕಿದರು. 1969ರಲ್ಲಿ ಮುರೊಝುಮಿ, ಚೌ ಮತ್ತು ಪ್ಯಾಟರ್ಸನ್ ಪ್ರಕಟಿಸಿದ ಲೆಕ್ಕದಲ್ಲಿ ಗ್ರೀನ್‌ಲ್ಯಾಂಡಿನ ಹಳೆಯ ಮಂಜುಗಡ್ಡೆಯಲ್ಲಿ, ಅಂದರೆ ಕ್ರಿಸ್ತಪೂರ್ವ 800ರ ಹೊತ್ತಿನದ್ದರಲ್ಲಿ, ಸೀಸ ಕಿಲೋಗೆ ಒಂದು ನ್ಯಾನೋಗ್ರಾಂಗಿಂತ ಕಡಿಮೆ. 1965ರ ಹಿಮದಲ್ಲಿ 200ಕ್ಕೂ ಮೇಲೆ. ಪೆಟ್ರೋಲಿಗೆ ಸೀಸ ಬೆರೆಸಲು ಶುರು ಮಾಡಿದ್ದು 1923ರಲ್ಲಿ, ಏರಿಕೆ ಜೋರಾದದ್ದು ಅದರ ನಂತರವೇ. ಸೀಸ ಬಿಟ್ಟ ಮೇಲೆ ಇಳಿಯಿತಾ ಅಂದರೆ, ಇಳಿಯಿತು. ಫ್ರಾನ್ಸಿನ ಗ್ರೆನೋಬ್ಲ್‌ನ ವಿಜ್ಞಾನಿ ಕ್ಲೋಡ್ ಬೂತ್ರೋನ್ ಅವರ ತಂಡ 1991ರಲ್ಲಿ ತೋರಿಸಿದ್ದು, ಅರವತ್ತರ ದಶಕದ ಕೊನೆಯಿಂದ ಗ್ರೀನ್‌ಲ್ಯಾಂಡ್ ಹಿಮದಲ್ಲಿ ಸೀಸ ಏಳೂವರೆ ಪಟ್ಟು ಕಡಿಮೆಯಾಗಿತ್ತು. ನಮ್ಮ ದೇಶದ ಬಂಕ್‌ಗಳಲ್ಲಿ ಪೂರ್ತಿ ಸೀಸರಹಿತ ಪೆಟ್ರೋಲ್ ಬಂದದ್ದು 2000ದಲ್ಲಿ. ಕಟ್ಟಕಡೆಗೆ ಬಿಟ್ಟದ್ದು ಅಲ್ಜೀರಿಯಾ, 2021ರಲ್ಲಿ. ಅಂಟಾರ್ಕ್ಟಿಕಾ ಕೂಡ ಪೂರ್ತಿ ಮುಗ್ಧ ಜಾಗ ಅಲ್ಲ. ಅಲ್ಲಿಗೆ ಕಾರ್ಖಾನೆಯ ಸೀಸ ಮುಟ್ಟಿದ್ದು 1889ರಲ್ಲೇ ಅಂತ ಅಮೆರಿಕದ ವಿಜ್ಞಾನಿ ಮ್ಯಾಕ್‌ಕಾನೆಲ್ ಅವರ ತಂಡ 2014ರಲ್ಲಿ ಹೇಳಿತು. ಆಸ್ಟ್ರೇಲಿಯಾದ ಬ್ರೋಕನ್ ಹಿಲ್ ಗಣಿಯ ಅದಿರಿನ ಗುರುತು ಮಂಜುಗಡ್ಡೆಯಲ್ಲಿ ಸಿಕ್ಕಿತ್ತು. ನಾರ್ವೆಯ ಅಮುಂಡ್‌ಸೆನ್ ಎಲ್ಲರಿಗಿಂತ ಮೊದಲು ದಕ್ಷಿಣ ಧ್ರುವ ಮುಟ್ಟಿದ್ದು 1911ರಲ್ಲಿ. ಮನುಷ್ಯನಿಗಿಂತ ಮೊದಲು ಸೀಸ ಹೋಗಿ ಕೂತಿತ್ತು ಮಾರಾಯ್ರೆ!

ಸರಿ, ಕೌಂಟರ್‌ಗೆ ಬರೋಣ.

ನಮ್ಮ ಬಾಟಲಿಗಳು ಮೆತ್ತಗಿನ ಪಾಲಿಥೀನಿನವು. ಮಕ್ಕಳು ಅವನ್ನು ನೈಟ್ರಿಕ್ ಆಸಿಡ್‌ನಲ್ಲಿ ವಾರಗಟ್ಟಲೆ ಮುಳುಗಿಸಿಟ್ಟು, ಆಸಿಡ್ ಬದಲಾಯಿಸಿ ಮತ್ತೆ ಮುಳುಗಿಸಿ, ಗೋವಾದಿಂದ ತಂದ ಅತಿಶುದ್ಧ ನೀರಿನಲ್ಲಿ (18.2 ಮೆಗಾಓಮ್ ಎನ್ನುವುದು ಅದರ ಶುದ್ಧತೆಯ ಅಳತೆ) ತೊಳೆದು, ಎರಡೆರಡು ಜಿಪ್ ಕವರ್ ಒಳಗೆ ಹಾಕಿದ್ದರು. ಹಿಮ ತರುವ ಕಡೆ ಇದಕ್ಕೊಂದು ಶಿಸ್ತು ಉಂಟು. ಒಬ್ಬರು ಹೊರಗಿನ ಕವರ್ ಮಾತ್ರ ಮುಟ್ಟುವವರು, ಇನ್ನೊಬ್ಬರು ಒಳಗಿನ ಕವರ್ ಮತ್ತು ಬಾಟಲಿ ಮಾತ್ರ ಮುಟ್ಟುವವರು, ಅದಲುಬದಲು ಮಾಡುವ ಹಾಗೆ ಇಲ್ಲ. ನಿಲ್ದಾಣದ ಜನರೇಟರ್ ಹೊಗೆ ಬರದ ದಿಕ್ಕಿಗೆ ದೂರ ಹೋಗಬೇಕು. ಸ್ನೋ ಸ್ಕೂಟರ್ ಹಿಂದೆಯೇ ಬಿಟ್ಟು ಉಳಿದದ್ದು ನಡೆಯಬೇಕು. ಮೈಪೂರ್ತಿ ಬಿಳಿ ಸೂಟು, ಭುಜದವರೆಗೆ ಪ್ಲಾಸ್ಟಿಕ್ ಕೈಗವಸು. ಹೊಂಡ ತೋಡಿ, ಗಾಳಿಗೆ ಎದುರಾಗಿ ನಿಂತು, ಆಸಿಡ್‌ನಲ್ಲಿ ತೊಳೆದ ಪ್ಲಾಸ್ಟಿಕ್ ಹಲಗೆಯಿಂದ ಗೋಡೆಯ ಮೇಲ್ಪದರ ಹೆರೆದು ತೆಗೆದ ಮೇಲೆ ಬಾಟಲಿಯನ್ನು ಅಡ್ಡಕ್ಕೆ ಒಳಗೆ ಚುಚ್ಚಬೇಕು. ಆ ಚಳಿಯಲ್ಲಿ, ಆ ಗಾಳಿಗೆ ಮುಖ ಕೊಟ್ಟು. ಇಷ್ಟೆಲ್ಲ ಆಗಿ, ಕೊರೆಯುವ ಕೋಲ್ಡ್ ಸ್ಟೋರೇಜಿನಲ್ಲಿ ಹಡಗಿನಲ್ಲಿ ಬಂದ ಹಿಮದ ನೀರು ಅದು.

ಕೌಂಟರ್‌ನ ಹುಡುಗ ಜಿಪ್ ಎಳೆದ. ಎರಡೂ ಕವರ್ ತೆಗೆದು ಮೇಜಿನ ಮೇಲೆ ಹಾಕಿದ. "ನೀರೇ ಅಲ್ವಾ ಮೇಡಂ, ಇದಕ್ಕೆಂತ ಇಷ್ಟು ಪ್ಯಾಕಿಂಗ್?" ಎನ್ನುತ್ತಾ ಮುಚ್ಚಳ ತಿರುಗಿಸಿ, ಬಗ್ಗಿ ವಾಸನೆ ನೋಡಿದ. ಮುಚ್ಚಳ ಬಾಯಿ ಕೆಳಗೆ ಮಾಡಿ ರಿಜಿಸ್ಟರ್ ಬುಕ್ಕಿನ ಮೇಲೆ ಇಟ್ಟಿದ್ದ. ಮೇಲೆ ಫ್ಯಾನ್ ತಿರುಗುತ್ತಿತ್ತು, ಕಿಟಕಿಯಾಚೆ ಹೆದ್ದಾರಿ. ನನ್ನ ಜೊತೆ ಬಂದ ವಿದ್ಯಾರ್ಥಿನಿ ಬಾಯಿ ಮೇಲೆ ಕೈ ಇಟ್ಟುಕೊಂಡು ನಿಂತಳು. ನಾನು ತಡೆಯುವಷ್ಟರಲ್ಲಿ ಅವನು ರಶೀದಿಯನ್ನು ಒಳಗಿನ ಕವರ್‌ಗೇ ಸ್ಟೇಪ್ಲರ್ ಹೊಡೆದು ಸಿಕ್ಕಿಸಿದ. ಸ್ಟೇಪ್ಲರ್ ಪಿನ್ನಿನ ಮೇಲೆ ಸತುವಿನ ಲೇಪ ಇರುತ್ತದೆ, ನಾವು ಅಳೆಯಬೇಕಾಗಿದ್ದದ್ದರಲ್ಲಿ ಸತುವೂ ಒಂದು. ಹುಡುಗನನ್ನು ಬೈಯಲಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅವನ ಮುಂದೆ ಬರುವುದು ಬಾವಿ ನೀರು, ಫ್ಯಾಕ್ಟರಿ ನೀರು. ಆದರೆ ಪಿಪಿಟಿ ಅಂತ ಬೋರ್ಡ್ ಹಾಕುವವರು ಅಷ್ಟಾದರೂ ಕಲಿಸಬೇಕಿತ್ತು. ಬೇರೆ ಬಾಟಲಿ ಇದ್ದದ್ದರಿಂದ ಅದನ್ನು ಒಳಗಿನವರ ಕೈಗೇ ಕೊಡುತ್ತೇನೆ ಎಂದು ಹಠ ಹಿಡಿದು ಕೂತೆ.

ಕೊಟ್ಟ ಬಾಟಲಿಗಳಲ್ಲಿ ಒಂದರ ಮೇಲೆ 'ಮಳೆ-ಡಿ' ಎಂದು ಬರೆದಿದ್ದೆವು. ಅದರಲ್ಲಿ ಮಳೆ ಇರಲಿಲ್ಲ, ಬರೀ ಅದೇ ಶುದ್ಧ ನೀರು. ಇದನ್ನು ಮೋಸ ಎನ್ನಬೇಡಿ, ಹೊರಗಿನ ಲ್ಯಾಬಿಗೆ ಗುಟ್ಟಾಗಿ ಬ್ಲ್ಯಾಂಕ್ ಕಳಿಸುವುದು ಈ ಕೆಲಸದಲ್ಲಿ ಮಾಮೂಲು.

ರಿಪೋರ್ಟ್ ಹೇಳಿದ ದಿನಕ್ಕೇ ಬಂತು, ಅದಕ್ಕೆ ಅರ್ಧ ಮಾರ್ಕು. ನಂಬರ್‌ಗಳು ಮಾತ್ರ ಅಯ್ಯೋ ಅನ್ನಿಸುವ ಹಾಗಿದ್ದವು. ಗೆಳತಿಯ ಲೆಕ್ಕದಲ್ಲಿ ಒಂದಂಕಿಯಲ್ಲಿದ್ದ ಸೀಸ ಇಲ್ಲಿ ಮೂರಂಕಿ. ಮಳೆ-ಡಿ ಬಾಟಲಿಯ ಸತು ನಮ್ಮ ನಿಜವಾದ ಮಳೆಯ ಸತುವಿಗಿಂತ ಜಾಸ್ತಿ. ಬ್ಲ್ಯಾಂಕ್ ಎಷ್ಟು ಬಂತು ಅನ್ನುವ ಸಾಲು ರಿಪೋರ್ಟ್‌ನಲ್ಲಿ ಇಲ್ಲವೇ ಇಲ್ಲ. ಫೋನ್ ಮಾಡಿದರೆ ಮ್ಯಾನೇಜರ್, "ನಮ್ಮದು ಇಂಪೋರ್ಟೆಡ್ ಮೆಷಿನ್ ಮೇಡಂ, ತಪ್ಪು ಬರ್ಲಿಕ್ಕೇ ಇಲ್ಲ" ಎಂದರು. ಮೆಷಿನ್ ತಪ್ಪು ಹೇಳಿದೆ ಅಂತ ನಾನು ಹೇಳಿಯೇ ಇರಲಿಲ್ಲ. ಅದು ಬಾಟಲಿಯಲ್ಲಿ ಇದ್ದದ್ದನ್ನು ಸರಿಯಾಗಿಯೇ ಹೇಳಿತ್ತು.

ಮಾರನೇ ದಿನ ಇನ್ನೊಂದು ಫೋನ್. ಮೆಷಿನ್ ನಡೆಸುವ ಹುಡುಗಿ, ಕುಂದಾಪುರ ಕಡೆಯವಳಂತೆ. "ಮೇಡಂ, ಆ ಡಿ ಬಾಟಲಿಯಲ್ಲಿ ಇದ್ದದ್ದು ಶುದ್ಧ ನೀರಲ್ವಾ?" ಎಂದು ಕೇಳಿದಳು. ಸೋಡಿಯಂ ಇಲ್ಲ, ಮೆಗ್ನೀಸಿಯಂ ಇಲ್ಲ, ಕಡಲ ಪಕ್ಕದ ಮಳೆಯಲ್ಲಿ ಉಪ್ಪು ಇಲ್ಲದೆ ಇರುತ್ತದಾ, ಹಾಗಾಗಿ ಡೌಟ್ ಬಂತು ಎಂದಳು. ಅಲ್ಲಿಗೆ ನನ್ನ ಸಿಟ್ಟು ಅರ್ಧ ಇಳಿಯಿತು. ಇಂಥವರು ಸಿಗುವುದು ಕಷ್ಟ. ಒಳಗೆ ಬನ್ನಿ, ನೋಡೋಣ ಎಂದಳು, ಹೋದೆ.

ಒಳಗಿನ ಕೋಣೆ ಚೊಕ್ಕವಾಗಿತ್ತು, ಆದರೆ ಕ್ಲೀನ್ ರೂಂ ಅಲ್ಲ. ಧ್ರುವದ ಹಿಮಕ್ಕೆ ಬಳಸುವ ಕ್ಲಾಸ್ 100 ಜಾಗದಲ್ಲಿ ಒಂದು ಘನ ಅಡಿ ಗಾಳಿಯಲ್ಲಿ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣ ನೂರು ದಾಟಬಾರದು. ಇಲ್ಲಿ ಒಂದು ಮೂಲೆಯಲ್ಲಿ ಫಿಲ್ಟರ್ ಗಾಳಿ ಬೀಸುವ ಸಣ್ಣ ಕ್ಯಾಬಿನೆಟ್ ಮಾತ್ರ ಇದೆ. ಅದರೊಳಗೇ ಕೆಲಸ ಮಾಡಿದರೆ ಸಾಕು, ತೊಂದರೆ ಇಲ್ಲ. ಮೆಷಿನ್ ಹಣೆಗೆ ಕುಂಕುಮ, ಅರಿಶಿನ, ಮೇಲೊಂದು ಒಣಗಿದ ಸೇವಂತಿಗೆ. ಆಯುಧಪೂಜೆಯದ್ದು. ನನಗೂ ದೇವರಲ್ಲಿ ಭಕ್ತಿ ಇದೆ. ಆದರೆ ಪಿಪಿಟಿ ಅಳೆಯುವ ಮೆಷಿನ್ ಮೇಲೆ, ಸ್ಯಾಂಪಲ್ ಎಳೆಯುವ ಕೊಳವೆಯಿಂದ ಒಂದು ಗೇಣು ದೂರದಲ್ಲಿ, ಪುಡಿ ಉದುರುವ ಬಣ್ಣ ಬೇಕಾ? ಕೋಣೆಯ ಬಾಗಿಲಿಗೆ ಹಚ್ಚಿದರೆ ದೇವಿ ಬೇಡ ಎನ್ನುತ್ತಾಳಾ? ಹುಡುಗಿ ನಕ್ಕು, "ಹೇಳಿ ನೋಡಿದ್ದೇನೆ, ಕೇಳುವುದಿಲ್ಲ" ಎಂದಳು.

ಸತುವಿನ ಮೂಲ ಬೇಗ ಸಿಕ್ಕಿತು. ಪುಡಿ ಹಾಕಿದ ಲ್ಯಾಟೆಕ್ಸ್ ಕೈಗವಸು. ರಬ್ಬರ್ ಗಟ್ಟಿ ಮಾಡುವಾಗ ಸತುವಿನ ಆಕ್ಸೈಡ್ ಬಳಸುತ್ತಾರೆ, ಪುಡಿಯ ಜೊತೆ ಅದೂ ಉದುರುತ್ತದೆ. ಸೀಸಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಮಾಮೂಲಿ ಎಆರ್ ಗ್ರೇಡ್ ನೈಟ್ರಿಕ್ ಆಸಿಡ್ ಹಾಕಿದ್ದರು, ಅದರ ಬಾಟಲಿಯ ಲೇಬಲ್ಲಿನಲ್ಲೇ ಸೀಸ ಎಷ್ಟಿರಬಹುದು ಎಂದು ಬರೆದಿರುತ್ತದೆ. ಬಾವಿ ನೀರಿಗೆ ಅದು ಲೆಕ್ಕಕ್ಕಿಲ್ಲ, ಹಿಮಕ್ಕೆ ಅದೇ ಪರ್ವತ. ಹುಡುಗಿ ಪುಡಿಯಿಲ್ಲದ ಪ್ಲಾಸ್ಟಿಕ್ ಕೈಗವಸು ತರಿಸಿದಳು. ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದ ಅತಿಶುದ್ಧ ಆಸಿಡ್ ಬಾಟಲಿಯ ಸೀಲ್ ಒಡೆಸಲು ಮ್ಯಾನೇಜರ್ ಹತ್ತಿರ ವಾದ ಮಾಡಿದಳು, ಅದಕ್ಕೆ ದುಡ್ಡು ಜಾಸ್ತಿ ಅಂತ ಅವರು ಗೊಣಗಿದರು. ಎರಡನೇ ಸಲ ಬ್ಲ್ಯಾಂಕ್ ಇಳಿಯಿತು. ಹಿಮದ ಸೀಸವೂ ಒಂದಂಕಿಗೆ ಬಂತು. ಗೆಳತಿಯ ನಂಬರಿಗಿಂತ ಜಾಸ್ತಿಯೇ, ಸರಿಸುಮಾರು ದುಪ್ಪಟ್ಟು. ಆದರೂ ಹೆದ್ದಾರಿ ಪಕ್ಕದ ಕಟ್ಟಡದಲ್ಲಿ ಇಷ್ಟು ಬಂದರೆ ನಾನು ಬೆನ್ನು ತಟ್ಟುತ್ತೇನೆ.

ಇದರಲ್ಲಿ ಇವರನ್ನೇ ದೂರುವುದು ಸರಿಯಲ್ಲ. ದೊಡ್ಡ ದೊಡ್ಡ ಲ್ಯಾಬ್‌ಗಳೂ ಇಲ್ಲೇ ಎಡವಿದ್ದವು. 1985ರಲ್ಲಿ ವುಲ್ಫ್ ಮತ್ತು ಪೀಲ್ ಎಂಬ ಬ್ರಿಟಿಷ್ ಅಂಟಾರ್ಕ್ಟಿಕ್ ಸಮೀಕ್ಷೆಯವರು ಅಲ್ಲಿಯವರೆಗಿನ ಧ್ರುವ ಹಿಮದ ಅಳತೆಗಳನ್ನೆಲ್ಲ ಒರೆಗೆ ಹಚ್ಚಿ ನೋಡಿದಾಗ, ಎಷ್ಟೋ ನಂಬರ್‌ಗಳು ಹಿಮದ್ದಲ್ಲ, ಸ್ಯಾಂಪಲ್ ಮುಟ್ಟಿದವರ ಕೊಳೆ ಎನ್ನುವುದು ಬಯಲಾಗಿತ್ತು. ಅದಕ್ಕೇ ಬೂತ್ರೋನ್ ಕಡೆಯವರು ಕೊರೆದು ತೆಗೆದ ಮಂಜುಗಡ್ಡೆಯ ಕಂಬವನ್ನು ಹೊರಗಿನಿಂದ ಒಂದೊಂದೇ ಪದರ ಹೆರೆದು, ಪ್ರತಿ ಪದರವನ್ನೂ ಬೇರೆ ಬೇರೆ ಅಳೆಯುತ್ತಿದ್ದರು. ಒಳಗೆ ಹೋದ ಹಾಗೆ ಲೋಹ ಇಳಿದು, ಒಂದು ಕಡೆ ಇಳಿಯುವುದು ನಿಂತರೆ ಆ ನಡುವಿನ ಭಾಗ ನಂಬಬಹುದು. ಕೊನೆಯವರೆಗೂ ಇಳಿಯುತ್ತಲೇ ಇದ್ದರೆ ಆ ಕಂಬ ಕಸಕ್ಕೆ.

ಈಗ ವನೇಡಿಯಂ. ಇದು ಮಕ್ಕಳಿಗೆ ಸಿಕ್ಕಾಪಟ್ಟೆ ಪಾಠ ಕಲಿಸಿತು. ದಪ್ಪ ಫರ್ನೇಸ್ ಎಣ್ಣೆ ಉರಿದರೆ ಗಾಳಿಗೆ ವನೇಡಿಯಂ, ನಿಕ್ಕೆಲ್ ಸೇರುತ್ತವೆ, ಹಡಗುಗಳೂ ಬಹಳ ಕಾಲ ಅದನ್ನೇ ಉರಿಸಿದವು. ಉತ್ತರ ಧ್ರುವದ ಗಾಳಿಯಲ್ಲಿ ಚಳಿಗಾಲದಲ್ಲಿ ಒಂದು ಮಬ್ಬು ಕವಿಯುತ್ತಿತ್ತು. ಅದು ದೂರದ ಕೈಗಾರಿಕಾ ದೇಶಗಳಿಂದ ಬಂದದ್ದು ಅಂತ ಅಮೆರಿಕದ ವಿಜ್ಞಾನಿ ಕೆನೆತ್ ರಾನ್ ಅವರು ಪತ್ತೆ ಹಚ್ಚುವಾಗ ಹಿಡಿದ ಸುಳಿವುಗಳಲ್ಲಿ ವನೇಡಿಯಂ ಒಂದು. ನಮ್ಮ ಮೊದಲ ರಿಪೋರ್ಟ್‌ನಲ್ಲಿ ಮಳೆಯ ವನೇಡಿಯಂ ಮೇಲಕ್ಕಿತ್ತು. ಮಕ್ಕಳು ಆಗಲೇ ಇಲ್ಲಿನ ಪಣಂಬೂರು ಬಂದರಿನ ಹಡಗುಗಳ ಮೇಲೆ ಒಂದು ಪುಟ ಬರೆದು ಇಟ್ಟಿದ್ದರು. ನಾನು ಹುಡುಗಿಗೆ ಕೇಳಿದ್ದು ಒಂದೇ, ಹೀಲಿಯಂ ಹಾಕಿದ್ದೀರಾ? ಇಲ್ಲ ಎಂದಳು. ಈ ಮೆಷಿನ್ ಲೋಹಗಳನ್ನು ಗುರುತಿಸುವುದು ತೂಕದಿಂದ. ವನೇಡಿಯಂ ತೂಕ 51. ಕಡಲ ಉಪ್ಪಿನ ಕ್ಲೋರಿನ್ 35, ಅದಕ್ಕೆ ಒಂದು ಆಕ್ಸಿಜನ್ 16 ಅಂಟಿಕೊಂಡರೆ ಅದೂ 51. ಅದೇ ಕ್ಲೋರಿನ್‌ಗೆ ಮೆಷಿನ್‌ನ ಆರ್ಗಾನ್ 40 ಸೇರಿದರೆ 75, ಅದು ಆರ್ಸೆನಿಕ್‌ನ ತೂಕ. ಕರಾವಳಿಯಲ್ಲಿ ಉಪ್ಪಿಲ್ಲದ ಮಳೆ ಎಲ್ಲಿಂದ ತರುತ್ತೀರಿ? ಹೀಲಿಯಂ ಹಾಯಿಸಿದರೆ ಈ ಜೋಡಿಗಳು ಡಿಕ್ಕಿ ಹೊಡೆದು ಸುಸ್ತಾಗಿ ಹಿಂದೆ ಉಳಿಯುತ್ತವೆ, ನಿಜವಾದ ಲೋಹ ಮುಂದೆ ಹೋಗುತ್ತದೆ. ಹೀಲಿಯಂ ಹಾಕಿ ಮತ್ತೆ ಓಡಿಸಿದಾಗ ವನೇಡಿಯಂ ಜರ್ರನೆ ಇಳಿಯಿತು. ಸೊನ್ನೆಯಾಗಲಿಲ್ಲ, ಆದರೆ ಒಂದು ಪುಟ ಬರೆಯುವಷ್ಟೂ ಉಳಿಯಲಿಲ್ಲ. ಅಂಟಾರ್ಕ್ಟಿಕಾದಲ್ಲೂ ಕಡಲ ಹತ್ತಿರದ ಹಿಮಕ್ಕೆ ಇದೇ ಕಾಟ. ಹೀಲಿಯಂ ಸೌಲಭ್ಯ ಇವರ ಮೆಷಿನ್‌ನಲ್ಲೇ ಇದೆ, ಕೇಳಿದರೆ ಮಾತ್ರ ಹಾಕುತ್ತಾರೆ. ಕೇಳಿ.

ಗಾಳಿಯ ಫಿಲ್ಟರ್ ಕೂಡ ಇಲ್ಲೇ ಕೊಟ್ಟೆವು. ಕಾಲೇಜಿನ ಟೆರೇಸಿನಲ್ಲಿ ಪಂಪ್ ಇಟ್ಟು, ಟೆಫ್ಲಾನ್ ಫಿಲ್ಟರ್ ಮೂಲಕ ಗಾಳಿ ಎಳೆದದ್ದು. ಒಂದೇ ದಿನಕ್ಕೆ ನಡುವಿನ ವೃತ್ತ ಬೂದಿ ಬಣ್ಣ ಆಗಿತ್ತು, ಮುರಕಲ್ಲಿನ ಧೂಳಿನಿಂದ ಅಂಚಿಗೆ ಕೆಂಪು ಛಾಯೆ ಬೇರೆ. ಧ್ರುವದಲ್ಲಿ ದಿನಗಟ್ಟಲೆ ಎಳೆದರೂ ಫಿಲ್ಟರ್ ಕಣ್ಣಿಗೆ ಬಿಳಿಯಾಗಿಯೇ ಕಾಣುತ್ತದೆ. ಅಲ್ಲಿ ಪಂಪ್‌ಗೆ ಗಾಳಿಯ ದಿಕ್ಕು ನೋಡುವ ಉಪಕರಣ ಜೋಡಿಸಿರುತ್ತಾರೆ, ನಿಲ್ದಾಣದ ಕಡೆಯಿಂದ ಗಾಳಿ ತಿರುಗಿದ ಕೂಡಲೇ ಪಂಪ್ ತಾನೇ ನಿಲ್ಲುತ್ತದೆ. ಮಣ್ಣಿನಿಂದ ಬಂದ ಲೋಹ ಎಷ್ಟು, ಹೊಗೆಯಿಂದ ಎಷ್ಟು ಎಂದು ಬಿಡಿಸಲು ಅಲ್ಯೂಮಿನಿಯಂ ಆಸರೆ. ಮಣ್ಣಿನಲ್ಲಿ ಅಲ್ಯೂಮಿನಿಯಂಗೆ ಸೀಸ ಯಾವ ಪ್ರಮಾಣದಲ್ಲಿ ಇರುತ್ತದೋ ಅದಕ್ಕಿಂತ ಎಷ್ಟು ಪಟ್ಟು ಜಾಸ್ತಿ ಗಾಳಿಯಲ್ಲಿದೆ ಎಂದು ನೋಡುವುದು. ದಕ್ಷಿಣ ಧ್ರುವದ ಗಾಳಿಯಲ್ಲಿ ಝೋಲರ್, ಗ್ಲ್ಯಾಡ್ನಿ, ಡ್ಯೂಸ್ ಎಂಬ ವಿಜ್ಞಾನಿಗಳು 1974ರಲ್ಲಿ ಮಾಡಿದ್ದೂ ಇದೇ ಲೆಕ್ಕ. ಅವರಿಗೆ ಕಬ್ಬಿಣ ಮಣ್ಣಿನ ಲೆಕ್ಕಕ್ಕೆ ಸರಿಹೋಯಿತು, ಸೀಸ, ಸತು ಸರಿಹೋಗಲಿಲ್ಲ.

ಈ ಲ್ಯಾಬ್ ಫಿಲ್ಟರನ್ನು ಸ್ಟೀಲ್ ಕತ್ತರಿಯಲ್ಲಿ ಎರಡು ಮಾಡಿತು. ನಾನು ಎದುರಿಗೇ ನಿಂತಿದ್ದೆ, "ಅಯ್ಯೋ ನಿಲ್ಲಿಸಿ" ಅನ್ನುವಷ್ಟರಲ್ಲಿ ಕಚಕ್ ಎಂದಿತು. ಸ್ಟೇನ್‌ಲೆಸ್ ಸ್ಟೀಲ್ ಅಂದರೆ ಕ್ರೋಮಿಯಂ ಮತ್ತು ನಿಕ್ಕೆಲ್. ಉಳಿದವಕ್ಕೆ ನಮ್ಮದೇ ಸೆರಾಮಿಕ್ ಬ್ಲೇಡ್ ಕೊಟ್ಟೆವು. ಆ ಒಂದು ಫಿಲ್ಟರಿನ ನಿಕ್ಕೆಲ್ ನಂಬರನ್ನು ಪ್ರಾಜೆಕ್ಟಿನಲ್ಲಿ ಸೇರಿಸಲಿಲ್ಲ.

ಪಾದರಸ ಕೇಳಿದೆ. ಆಗುವುದಿಲ್ಲ ಎಂದರು. ಇದಕ್ಕೆ ನಾನು ಮಾರ್ಕು ಕೊಡುತ್ತೇನೆ, ಎಷ್ಟೋ ಕಡೆ ಎಲ್ಲದಕ್ಕೂ ಹೂಂ ಎಂದು ದುಡ್ಡು ತೆಗೆದುಕೊಳ್ಳುತ್ತಾರೆ. ಪಾದರಸ ಪ್ಲಾಸ್ಟಿಕ್ ಬಾಟಲಿಯಲ್ಲಿ ನಿಲ್ಲುವುದಿಲ್ಲ, ಗೋಡೆಗೆ ಅಂಟುತ್ತದೆ, ಹಾರಿಯೂ ಹೋಗುತ್ತದೆ. ಗಾಳಿಯದ್ದನ್ನು ಚಿನ್ನದ ಮೇಲೆ ಹಿಡಿದು ಅಳೆಯುವ ಉಪಕರಣವೇ ಬೇರೆ. ಉತ್ತರ ಧ್ರುವದ ಹತ್ತಿರ, ಕೆನಡಾದ ಅಲರ್ಟ್‌ನಲ್ಲಿ 1995ರ ವಸಂತದಲ್ಲಿ ಇಂಥದ್ದೇ ಉಪಕರಣ, ತಿಂಗಳುಗಟ್ಟಲೆಯ ಕತ್ತಲು ಮುಗಿದು ಸೂರ್ಯ ಹುಟ್ಟಿದ ಮೇಲೆ ಗಾಳಿಯ ಪಾದರಸ ಇದ್ದಕ್ಕಿದ್ದಂತೆ ಕುಸಿಯುವುದನ್ನು ತೋರಿಸಿತು. ಕಡಲ ಹಿಮದಿಂದ ಬರುವ ಬ್ರೋಮಿನ್ ಅದರ ರೂಪ ಬದಲಾಯಿಸಿ ಹಿಮಕ್ಕೆ ಇಳಿಸುತ್ತದೆ. ಈ ಹುಡುಗಿಗೆ ಆ ಕಥೆ ಹೇಳುತ್ತಾ ಕೂತರೆ ಕೇಳುತ್ತಾಳೆ, ನನಗೇ ಬಸ್ ತಪ್ಪಿತು.

ರೇಟ್ ಬಗ್ಗೆ ಹೇಳಬೇಕು. ಪಿಪಿಟಿ ಸ್ಕ್ಯಾನ್ ಕುಡಿಯುವ ನೀರಿನ ಪ್ಯಾಕೇಜಿಗಿಂತ ಎಷ್ಟೋ ದುಬಾರಿ, ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಆರ್ಗಾನ್ ನಿಮಿಷಕ್ಕೆ ಹದಿನೈದು ಲೀಟರಿಗೂ ಮೇಲೆ ಕುಡಿಯುವ ಮೆಷಿನ್ ಅದು, ಸಿಲಿಂಡರ್ ಒಂದೇ ದಿನಕ್ಕೆ ಖಾಲಿ, ಹಾಗಾಗಿ ರೇಟಿಗೆ ಅರ್ಥ ಇದೆ. ಕಾಲೇಜಿನ ಲೆಟರ್‌ಹೆಡ್ ತೋರಿಸಿದರೆ ಕಡಿಮೆ ಮಾಡುತ್ತಾರೆ. ಎರಡನೇ ಸಲ ಓಡಿಸಿದ್ದಕ್ಕೆ ನಮ್ಮಿಂದ ದುಡ್ಡು ತೆಗೆದುಕೊಳ್ಳಲಿಲ್ಲ, ಇದನ್ನು ಮೆಚ್ಚಬೇಕು. ಆದರೆ ಬ್ಲ್ಯಾಂಕ್ ಬಾಟಲಿಗೂ ಪೂರ್ತಿ ಸ್ಯಾಂಪಲ್ ರೇಟ್ ಹಾಕಿದರು, ಇದು ನನಗೆ ಒಪ್ಪಿಗೆ ಇಲ್ಲ. ಬ್ಲ್ಯಾಂಕ್ ಅವರ ಕೆಲಸದ ಭಾಗ, ಗಿರಾಕಿಯ ಶೋಕಿ ಅಲ್ಲ. ಕರೆಂಟ್ ಕೈಕೊಟ್ಟರೆ ಪ್ಲಾಸ್ಮಾ ಆರಿ ಮತ್ತೆ ಮೊದಲಿನಿಂದ ಶುರು, ಮಳೆಗಾಲದಲ್ಲಿ ರಿಪೋರ್ಟ್ ತಡವಾದರೆ ಕೂಗಾಡಬೇಡಿ.

ಮನೆ ಬಾವಿಗೆ, ಹೋಟೆಲಿನ ನೀರಿಗೆ ಕಣ್ಣುಮುಚ್ಚಿ ಹೋಗಬಹುದು, ಪ್ಯಾಕೇಜ್ ಸಾಕು. ಸಂಶೋಧನೆಗೆ ಹೋಗುವವರು ಹುಡುಗಿ ಇರುವ ದಿನ ಕೇಳಿಕೊಂಡೇ ಹೋಗಿ. ಬಾಟಲಿ ಕೌಂಟರ್‌ನಲ್ಲಿ ಬಿಡಬೇಡಿ. ಅತಿಶುದ್ಧ ಆಸಿಡ್, ಹೀಲಿಯಂ, ಪುಡಿಯಿಲ್ಲದ ಕೈಗವಸು, ಈ ಮೂರನ್ನೂ ಫಾರಂನಲ್ಲಿ ಬರೆಸಿ. ಬ್ಲ್ಯಾಂಕ್ ನಂಬರ್ ಕೊಡದಿದ್ದರೆ ಕಚ್ಚಾ ಡೇಟಾ ಮೇಲ್ ಮಾಡಿ ಎನ್ನಿ, ಎಕ್ಸೆಲ್‌ನಲ್ಲಿ ಕಳಿಸುತ್ತಾರೆ, ನಮಗೆ ಕಳಿಸಿದ್ದರು. ಶನಿವಾರ ಮಧ್ಯಾಹ್ನದ ಮೇಲೆ ಸ್ಯಾಂಪಲ್ ತೆಗೆದುಕೊಳ್ಳುವುದಿಲ್ಲ. ಎದುರಿಗೆ ಪಾರ್ಕಿಂಗ್ ಇಲ್ಲ, ಸರ್ವಿಸ್ ರೋಡಿನಲ್ಲಿ ನಿಲ್ಲಿಸಿದರೆ ಪೊಲೀಸರು ಫೋಟೋ ಹೊಡೆಯುತ್ತಾರೆ, ಬಸ್ಸಿನಲ್ಲಿ ಹೋಗುವುದು ಒಳ್ಳೆಯದು.